ಬುಧವಾರದ ಕೆಸರು

ಮಿಸ್ ವಿಲೊಡೀನ್ ಟ್ರಿಪ್ಲೆಟ್ ಮೇಲೆ ಕಣ್ಣಿಡುವ ಕೆಲಸಕ್ಕೆ ನಮ್ಮ ಚರ್ಚಿನ ಹಿರಿಯರು ನನ್ನನ್ನು ಆರಿಸಿದರು. ಆ ಆಯ್ಕೆಯ ಜಾಣತನವನ್ನು ನೀವೇ ಅಳೆಯಿರಿ. ನಾನು ಟಾರ್ಬೆಟ್ ಊರಿನ ಮೌಂಟ್ ಪಿಸ್ಗಾ ಬ್ಯಾಪ್ಟಿಸ್ಟ್ ಚರ್ಚಿನ ಸಂಬಳದಾಳು. ನೆಲ ಒರೆಸುತ್ತೇನೆ, ಬಾಗಿಲು ತೆರೆದು ಮುಚ್ಚುತ್ತೇನೆ, ಬುಧವಾರ ಸಂಜೆಯ ಪ್ರಾರ್ಥನೆಗೆ ಮುದುಕಿಯರನ್ನು ವ್ಯಾನಿನಲ್ಲಿ ಕರೆತರುತ್ತೇನೆ. ಸೊಂಟದಲ್ಲಿ ಬೀಗದ ಕೈಗಳ ಗೊಂಚಲು ತೂಗುತ್ತಿರುತ್ತದೆ, ನಾನು ಬರುವುದು ಎರಡು ಕೋಣೆ ಆಚೆಗೇ ಕೇಳುತ್ತದೆ. ಗಂಟೆ ಕಟ್ಟಿಸಿಕೊಂಡ ಬೆಕ್ಕನ್ನೇ ಇಲಿ ಹಿಡಿಯಲು ಕಳಿಸಿದ ಹಾಗಾಯಿತು.

ಹೆಸರು ಜರ್ವಿಸ್ ಟಿಬ್ಸ್. ರ‍್ಯಾಪ್ ಹಾಡಿ ಹೆಸರು ಮಾಡುತ್ತೇನೆಂದು ಊರಿಗೆಲ್ಲ ಸಾರಿ ಮೆಂಫಿಸ್‌ಗೆ ಹೋದವನು, ಒಂದು ಟೋಪಿಯನ್ನೂ ವಾಸಿಯಾಗದ ಕೆಮ್ಮನ್ನೂ ಸಂಪಾದಿಸಿ ವಾಪಸು ಬಂದೆ. ಕ್ಷೌರದಂಗಡಿಯ ಹಿಂದಿನ ಬಾಡಿಗೆ ಕೋಣೆಯಲ್ಲಿ ಒಬ್ಬನೇ ಇದ್ದೇನೆ. ಮಿಸಿಸಿಪ್ಪಿಯ ಈ ಡೆಲ್ಟಾದಲ್ಲಿ ಹತ್ತಿಹೊಲಕ್ಕೆ ಯಂತ್ರ ಬಂದ ಮೇಲೆ ಉಳಿದದ್ದು ಎರಡೇ ಕೆಲಸ, ಒಂದು ಕ್ಯಾಟ್‌ಫಿಶ್ ಸಾಕುವ ಕೆರೆಗಳಲ್ಲಿ, ಇನ್ನೊಂದು ದೇವರ ಮನೆಯಲ್ಲಿ. ನನಗೆ ಮೀನಿನ ವಾಸನೆ ಆಗದು.

ಇದು ನನ್ನ ಕತೆಯಲ್ಲ, ಮಿಸ್ ವಿಲೊಡೀನ್ ಕತೆ.

ಆಕೆ ಶಾಲೆಯ ಬಸ್ ಓಡಿಸುತ್ತಿದ್ದವಳು. ನನ್ನನ್ನೂ ಶಾಲೆಗೆ ಒಯ್ದಿದ್ದಾಳೆ, ನನ್ನ ಅಮ್ಮನನ್ನೂ. ಹಳದಿ ಬಸ್ಸಿನ ಸ್ಟೀರಿಂಗ್ ಹಿಂದೆ ಚಪ್ಪಟೆ ಟೋಪಿ ಹಾಕಿ ಕೂತು, ಹಿಂದೆ ನೋಡುವ ಕನ್ನಡಿಯಲ್ಲಿ ನಮ್ಮನ್ನೆಲ್ಲ ಒಂದೇ ಕಣ್ಣಲ್ಲಿ ಹಿಡಿದಿಡುತ್ತಿದ್ದಳು. ಆಕೆಯ ತಾಯಿ ರೈಲು ಹಳಿಯ ಪಕ್ಕ ಜೂಕ್ ಎಂಬ ಹಾಡು-ಕುಡಿತದ ಅಡ್ಡೆ ನಡೆಸುತ್ತಿದ್ದಳಂತೆ. ತಗಡಿನ ಮಾಡು, ಕರಿದ ಮೀನು, ಶನಿವಾರ ಸಂಜೆ ಗಿಟಾರು. ಒಂದು ಸಲ ಹೊರಗಿನವರೊಬ್ಬರು ಟೇಪು ಯಂತ್ರ ಹೊತ್ತು ಬಂದು ಆ ತಾಯಿಗೆ ತಂಪು ಪಾನೀಯ ಕೊಡಿಸಿ, ಮಧ್ಯಾಹ್ನವಿಡೀ ಹಾಡಿಸಿಕೊಂಡು ಹೋದರು. ಮತ್ತೆ ಅವರ ಸುಳಿವಿಲ್ಲ. ಅಂದಿನಿಂದ ಆ ಮನೆಯಲ್ಲಿ ನಗುತ್ತಾ ಬಂದವರನ್ನು ಮೊದಲು ಅನುಮಾನಿಸುವುದು, ಆಮೇಲೆ ಕೂರಲು ಹೇಳುವುದು ಪದ್ಧತಿ. ಮಿಸ್ ವಿಲೊಡೀನ್ ಗಂಡ (ನಮ್ಮಲ್ಲಿ ಮದುವೆಯಾದವರನ್ನೂ ಗೌರವಕ್ಕೆ ಮಿಸ್ ಎನ್ನುತ್ತೇವೆ) ಆಸ್ಕರ್ ಕೂಡ ನಗುತ್ತಲೇ ಬಂದಿದ್ದ. ನಗುತ್ತಲೇ ಶಿಕಾಗೋ ಬಸ್ ಹತ್ತಿದ.

ಜೂಕಿನ ಆ ಶನಿವಾರದ ಹಾಡಿಗೆ ಬ್ಲೂಸ್ ಎನ್ನುತ್ತಾರೆ, ಚರ್ಚಿನವರ ಕಿವಿಗೆ ಅದು ಸೈತಾನನ ಹಾಡು. ಅದನ್ನು ಕಟ್ಟಲು ಕಲಿಸುವ ಪಾಠ ಶುರುವಾದದ್ದೂ ಬಸ್ಸಿನಲ್ಲೇ. ಮಕ್ಕಳ ಚಾಡಿ ಕೇಳಿ ಕೇಳಿ ಆಕೆಗೆ ಸಾಕಾಗಿತ್ತು. ಒಂದು ದಿನ ಬಸ್ಸನ್ನು ಹತ್ತಿಹೊಲದ ಪಕ್ಕ ನಿಲ್ಲಿಸಿ ಕಾನೂನು ಮಾಡಿದಳು. ದೂರು ಹೇಳುವವರು ಹಾಡಿಯೇ ಹೇಳಬೇಕು. ಒಂದು ಸಾಲು, ಅದೇ ಸಾಲು ಮತ್ತೊಮ್ಮೆ, ಆಮೇಲೆ ಪ್ರಾಸ ಕೂಡುವ ಮೂರನೆಯ ಸಾಲು. ಮೂರನೆಯದು ಹೊಳೆಯದಿದ್ದರೆ ಪಕ್ಕದ ಸೀಟಿನವರು ಕೊಡಬಹುದು. "ನನ್ ಊಟದ್ ಡಬ್ಬಿ ಕದ್ದವ್ನು ನನ್ ಹಿಂದೇನೇ ಕೂತವ್ನೆ" ಎಂದು ನಾನು ಎರಡು ಸಲ ಹಾಡಿದಾಗ ಇಡೀ ಬಸ್ಸು ಕಾಲು ಬಡಿದಿತ್ತು. ಮೂರನೆಯ ಸಾಲನ್ನು ಕೊಟ್ಟವನು ಡಬ್ಬಿ ಕದ್ದವನೇ.

ನಿವೃತ್ತಿಯಾದ ಮೇಲೆ ಆಕೆಗೆ ಇದ್ದದ್ದು ಚಕ್ರದ ಮೇಲೆ ನಿಂತ ಒಂದು ಉದ್ದನೆಯ ಡಬ್ಬಿಮನೆ. ಅದರಲ್ಲಿ ಆಕೆ, ನಾಯಿ ಮತ್ತು ಗಿಟಾರು ಸೇರಿದರೆ ನಾಲ್ಕನೆಯವರು ಹೊರಗೆ ನಿಲ್ಲಬೇಕು. ಶಾಲೆಯವರು ಸಂಗೀತದ ಕೋಣೆಗೆ ಬೀಗ ಹಾಕಿದ್ದರು. ನಮ್ಮ ಪಾಸ್ಟರ್ ಸ್ಪೆನ್ಸ್ ವಯಸ್ಸಿನಲ್ಲಿ ಚಿಕ್ಕವರು, ಯಾರಿಗೂ ಇಲ್ಲ ಅನ್ನಲು ಬಾರದವರು. ಚರ್ಚಿನ ಊಟದ ಕೋಣೆಯನ್ನು ಸಂಜೆಯ ಹೊತ್ತು ಆಕೆಗೆ ಬಿಟ್ಟುಕೊಟ್ಟರು, ಹಲಗೆಯ ಮೇಲೆ ಮಾತ್ರ 'ಮಕ್ಕಳ ಗಾಯನ' ಎಂದು ಬರೆಸಿದರು. ಬ್ಲೂಸ್ ಎಂದು ಬರೆದಿದ್ದರೆ ಹಿರಿಯ ತಾಯಂದಿರು ಗೋಡೆಗೆ ಸುಣ್ಣ ಹೊಡೆಸಿ ಶುದ್ಧಿ ಮಾಡುತ್ತಿದ್ದರು.

ಆಕೆ ಪಾಠ ಮಾಡುವ ರೀತಿಯಲ್ಲೇ ಅನುಮಾನಕ್ಕೆ ಬೇಕಾದ ಸರಕೆಲ್ಲ ಇತ್ತು. ಬಾಗಿಲಲ್ಲಿ ಪಾತ್ರೆ ತೊಳೆಯುವ ಬೋಗುಣಿ. ಮಕ್ಕಳು ಫೋನುಗಳನ್ನು ಅದರಲ್ಲಿ ಹಾಕಬೇಕು, ಮೇಲೆ ಮುಚ್ಚಳ. ಆಮೇಲೆ ಒಬ್ಬೊಬ್ಬರೇ ಹೋಗಿ ಆಕೆಯ ಕಿವಿಯಲ್ಲಿ ಒಂದು ಸಾಲು ಹೇಳಬೇಕು, ತಾವು ಕಣ್ಣಾರೆ ಕಂಡದ್ದು, ಹೆಸರು ಹೇಳದೆ. ಆಕೆ ಎಲ್ಲವನ್ನೂ ಕೇಳಿ, ಕಣ್ಣು ಮುಚ್ಚಿ, ಒಂದನ್ನು ಆರಿಸಿ ಗಟ್ಟಿಯಾಗಿ ಹೇಳುತ್ತಾಳೆ. ಅದು ಯಾರ ಸಾಲು ಎಂದು ಕೇಳುವಂತಿಲ್ಲ. ಗಟ್ಟಿಯಾಗಿ ಹೇಳಿದ ಮೇಲೆ ಅದು ಎಲ್ಲರದು. ಎಲ್ಲರೂ ಸೇರಿ ಅದನ್ನೇ ಮತ್ತೊಮ್ಮೆ ಹಾಡಿ, ಮೂರನೆಯ ಸಾಲಿಗೆ ಕಿತ್ತಾಡಬೇಕು.

"ಯಾಕ್ ಎರಡ್ ಸಲ ಹಾಡ್ಬೇಕು ಗೊತ್ತಾ?" ಎಂದು ಆಕೆ ಕೇಳುತ್ತಿದ್ದಳು. "ಮೊದಲ್ನೇದು ಕೇಳಿಸ್ದೇ ಇರೋರಿಗೆ. ಎರಡ್ನೇದು ಕೇಳಿಸಿಯೂ ನಂಬ್ದೇ ಇರೋರಿಗೆ. ನಮ್ಮೂರಲ್ಲಿ ಎರಡ್ನೇ ಜಾತಿಯೋರೇ ಜಾಸ್ತಿ."

ಹತ್ತಿ ಕೀಳುವ ಯಂತ್ರಗಳು ಹೊಲಕ್ಕಿಳಿದ ಸಮಯದಲ್ಲಿ ಆಕೆ ಆರಿಸಿ ಹೇಳಿದ ಸಾಲು ಇದು.

*ಬುಧವಾರ ಪ್ರಾರ್ಥನೆಗೆ ಹೋದೋನ ಬೂಟಲ್ಲಿ ಕೆರೆಯ ಕೆಸರು.*

ಮಕ್ಕಳು ಎರಡನೆಯ ಸಲ ಹಾಡಿದರು. ಮೂರನೆಯ ಸಾಲಿಗೆ ಅಂದು ಯಾರದೂ ಒಪ್ಪಿಗೆಯಾಗಲಿಲ್ಲ. ಹಾಡು ಬಾಗಿಲಿಲ್ಲದ ಮನೆಯ ಹಾಗೆ ನಿಂತಿತು, ಯಾರು ಬೇಕಾದರೂ ಒಳಗೆ ನುಗ್ಗಬಹುದು. ವಾರ ಕಳೆಯುವುದರೊಳಗೆ ಊರಿನ ಗಂಡಸರೆಲ್ಲ ನುಗ್ಗಿದರು.

ಜಕಾಯ್ಲಾ ಎಂಬ ಬಾಯಿಬಡುಕಿ ಹುಡುಗಿ ಅದನ್ನು ತನ್ನ ದೊಡ್ಡಮ್ಮ ಜಡೆ ಹೆಣೆಯುವ ಅಂಗಡಿಯಲ್ಲಿ ಗುನುಗಿದಳು. ಪ್ರಾರ್ಥನೆಗೆಂದು ಮನೆಯಲ್ಲಿ ಹೇಳಿ ಕೆರೆಯ ಕಡೆ ಹೋದವನು ಯಾರ ಗಂಡ ಎಂದು ಅಲ್ಲಿ ಕೂತಿದ್ದ ಹೆಂಗಸರು ಕನ್ನಡಿಯಲ್ಲಿ ಒಬ್ಬರನ್ನೊಬ್ಬರು ನೋಡಿಕೊಂಡರು. ಅಂದು ಸಂಜೆ ಎಷ್ಟೋ ಮನೆಗಳಲ್ಲಿ ಬಾಗಿಲ ಬಳಿಯ ಬೂಟುಗಳು ತಲೆಕೆಳಗಾದವು. ಮುಂದಿನ ಬುಧವಾರ ಪ್ರಾರ್ಥನೆಗೆ ಎಂದೂ ಬರದ ಗಂಡಸರು ಬೂಟಿಗೆ ಪಾಲಿಶ್ ಹಾಕಿ ಬಂದು ಮುಂದಿನ ಸಾಲಿನಲ್ಲೇ ಕಾಲು ಚಾಚಿ ಕೂತರು. ಪಾಸ್ಟರ್ ಸ್ಪೆನ್ಸ್ ಅಷ್ಟು ಜನವನ್ನು ನೋಡಿ ಸಂತೋಷಪಡುವ ಬದಲು ಬೆದರಿದರು. "ಯಾರಾದ್ರೂ ಹೋಗ್ಬಿಟ್ರಾ?" ಎಂದು ನನ್ನನ್ನು ಮೆಲ್ಲಗೆ ಕೇಳಿದರು.

ನಾನೂ ನನ್ನ ಬೂಟು ನೋಡಿಕೊಂಡೆ. ಮುದುಕಿಯರನ್ನು ಚರ್ಚಿನಲ್ಲಿ ಇಳಿಸಿದ ಮೇಲೆ ಪ್ರಾರ್ಥನೆ ಮುಗಿಯುವವರೆಗೆ ನಾನು ವ್ಯಾನನ್ನು ಕೆರೆ ಏರಿಯ ಮೇಲೆ ನಿಲ್ಲಿಸಿ, ರೇಡಿಯೋ ಹಾಕಿ, ನೀರಿಗೆ ಕಲ್ಲೆಸೆಯುತ್ತಾ ಕೂರುತ್ತೇನೆ. ಮಕ್ಕಳು ಅದನ್ನು ನೋಡಿರಬಹುದಲ್ಲ. ಕ್ಷೌರದಂಗಡಿಯಲ್ಲಿ ಕೂತಿದ್ದವರ ಮುಖಗಳಿಂದ ನನಗೆ ತಿಳಿದದ್ದೆಂದರೆ, ಪ್ರತಿಯೊಬ್ಬನೂ ಆ ಹಾಡು ತನ್ನ ಮೇಲೇ ಎಂದುಕೊಂಡಿದ್ದ, ಹಾಡಿದ್ದು ಪಕ್ಕದವನ ಮಗು ಎಂದುಕೊಂಡಿದ್ದ.

ನೆಮ್ಮದಿಯಾಗಿದ್ದವನು ಲೊಂಜೊ ಒಬ್ಬನೇ. ಕ್ಯಾಟ್‌ಫಿಶ್ ಕೆರೆಯಲ್ಲಿ ಬಲೆ ಎಳೆಯುವವನು. ಅವನ ಮಗ ಟೆವಿನ್ ಪಾಠಕ್ಕೆ ಬರುತ್ತಿದ್ದರಿಂದ ಎಲ್ಲರ ಕಣ್ಣೂ ಮೊದಲು ಅವನ ಮೇಲೆ ಬಿತ್ತು.

"ನನ್ ಕೆಸರು ವಾರವೆಲ್ಲಾ ಇರತ್ತೆ ಕಣ್ರಪ್ಪ," ಎಂದ ಲೊಂಜೊ, ಕತ್ತಿನ ಸುತ್ತ ಬಿಳಿ ಬಟ್ಟೆ ಕಟ್ಟಿಸಿಕೊಂಡು. "ಬುಧವಾರ ಮಾತ್ರ ಕೆಸರಾಗೋ ಬೂಟು ಯಾರ್ದು, ಅದನ್ನ್ ಹುಡುಕಿ."

ಎಲ್ಲರೂ ತಮ್ಮ ಕಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡರು.

ನನ್ನನ್ನು ಡೀಕನ್ ಹೋರೇಸ್ ಪಿಕೆಟ್ ಕರೆಸಿದ್ದು ಆ ಮರುದಿನ. ಸಭೆಯ ಹಿರಿಯರಲ್ಲಿ ಅವರೇ ಮೊದಲಿಗರು. ಭಾರೀ ಆಳು, ಕೋಟಿನ ಗುಂಡಿ ಬಿಚ್ಚಿದ್ದನ್ನು ನಾನು ಕಂಡಿಲ್ಲ. ಅವರ ದೊಡ್ಡಸ್ತಿಕೆ ಇದ್ದದ್ದು ಕಂಠದಲ್ಲಿ. ನಮ್ಮಲ್ಲಿ ಹಳೆಯ ಕೀರ್ತನೆಗಳನ್ನು ಪುಸ್ತಕ ನೋಡಿ ಹಾಡುವುದಿಲ್ಲ. ಗುಲಾಮರಾಗಿದ್ದ ನಮ್ಮ ಮುತ್ತಜ್ಜಂದಿರಿಗೆ ಓದು ಕಲಿಸಿರಲಿಲ್ಲವಾದ್ದರಿಂದ ಬಂದ ಪದ್ಧತಿ. ಡೀಕನ್ ಬಲಿಪೀಠದ ಮುಂದೆ ನಿಂತು, ಒಂದು ಕೈ ಕಿವಿಗಿಟ್ಟು, ಒಂದು ಸಾಲನ್ನು ಸರಸರನೆ ಹೇಳುತ್ತಾರೆ. ಅದಕ್ಕೆ ಸಾಲು ಕೊಡುವುದು ಎನ್ನುತ್ತೇವೆ. ಕೂತವರೆಲ್ಲ ಅದೇ ಸಾಲನ್ನು ಎತ್ತಿಕೊಂಡು, ಬೆಲ್ಲದ ಪಾಕದ ಹಾಗೆ ಎಳೆದೆಳೆದು ಹಾಡುತ್ತೇವೆ. ಡೀಕನ್ ಪಿಕೆಟ್ ಎಷ್ಟು ವರ್ಷದಿಂದ ಸಾಲು ಕೊಡುತ್ತಿದ್ದಾರೆಂದರೆ, ಹೋಟೆಲಿನಲ್ಲಿ "ಮೀನು, ಜೋಳದ ರೊಟ್ಟಿ, ಸೊಪ್ಪು" ಎಂದು ಊಟ ಹೇಳಿದರೂ ಮೂಲೆಯ ಮೇಜಿನಿಂದ ಯಾರಾದರೂ ಮುದುಕಿ ಅರಿವಿಲ್ಲದೆ ಗುನುಗಿಬಿಡುತ್ತಾಳೆ.

"ಜರ್ವಿಸ್," ಎಂದರು. "ಆ ಹೆಂಗಸು ಮಕ್ಕಳ ಬಾಯಿಂದ ಮನೆಮನೆಯ ಮಾತು ಹಿಂಡ್ತಾ ಇದಾಳೆ. ಕಿವಿಯಲ್ಲಿ ಹೇಳಿಸ್ಕೊಳ್ಳೋದೇನು, ನಾವೇನು ಪಾದ್ರಿ ಹತ್ರ ಪಾಪ ಒಪ್ಪಿಸೋ ಪಂಗಡದೋರಾ?"

"ಹಾಡು ಕಟ್ಟಿಸ್ತಾರೆ ಸರ್."

"ಹಾಡಂತೆ. ಆ ಸಾಲು ಯಾವ ಮಗು ಹೇಳ್ತು ಅಂತ ಪತ್ತೆ ಮಾಡು. ಆ ಮಗೂನ ಮನೆಯೋರ ಜೊತೆ ನಾನ್ ಮಾತಾಡ್ಬೇಕು."

ಅವರು ಮಾತಾಡುವುದೆಂದರೇನು ಎಂದು ನನಗೆ ಗೊತ್ತಿತ್ತು. ಆ ಮಗುವಿನ ತಾಯಿಯನ್ನು ಸಭೆಯ ಮುಂದೆ ನಿಲ್ಲಿಸುತ್ತಾರೆ. ಮನೆಗೆ ಹೋದ ಮೇಲೆ ತಾಯಿ ಬೆಲ್ಟು ಹುಡುಕುತ್ತಾಳೆ.

"ನಾನು ನೆಲ ಒರೆಸೋನು ಸರ್," ಎಂದೆ.

"ಅದಕ್ಕೇ. ನೆಲ ಒರೆಸೋನ ಕಡೆ ಯಾರೂ ನೋಡಲ್ಲ."

ಅದು ಹೊಗಳಿಕೆಯೋ ತೆಗಳಿಕೆಯೋ ಎಂದು ಯೋಚಿಸುವಷ್ಟರಲ್ಲಿ ನಾನು ಪತ್ತೇದಾರನಾಗಿದ್ದೆ.

ಊಟದ ಕೋಣೆಯ ಮಡಚುವ ಬಾಗಿಲಿನ ಈಚೆ ನಿಂತು ಒಂದೇ ಮೊಳ ನೆಲವನ್ನು ಒರೆಸುತ್ತಾ ಕಿವಿಗೊಟ್ಟೆ. ಒಳಗಿನಿಂದ ಮಿಸ್ ವಿಲೊಡೀನ್ ಧ್ವನಿ ಬಂತು. "ಆ ಬೀಗದ ಕೈ ಗೊಂಚಲನ್ನ ಒಳಗೆ ಕರೀರಿ. ಹೊರಗ್ ನಿಂತು ನೆಲಕ್ಕೆ ತೂತು ಬೀಳಿಸ್ತಾನೆ."

ಒಳಗೆ ಹೋದೆ. ಮಕ್ಕಳು ವೃತ್ತಾಕಾರದಲ್ಲಿ ಮಡಚು ಕುರ್ಚಿಗಳಲ್ಲಿ ಕೂತು, ಕೆಂಪು ಸಕ್ಕರೆ ಪಾನಕದಲ್ಲಿ ನೆನೆಸಿದ ಉಪ್ಪಿನ ಸೌತೆಕಾಯಿ ಕಡಿಯುತ್ತಿದ್ದರು. ಎಲ್ಲರ ತುಟಿಯೂ ಕೆಂಪು. ಕೊಲೆಗಡುಕರ ಸಭೆಯಂತೆ ಕಾಣುತ್ತಿತ್ತು.

"ಡೀಕನ್ ಕಳ್ಸಿದ್ರಾ?" ಎಂದು ಕೇಳಿದಳು.

"ಇಲ್ಲಮ್ಮ. ನೆಲ..."

"ಸುಳ್ಳು ಹೇಳೋವಾಗ ಟೋಪಿ ಮುಟ್ಕೊಳ್ತೀಯ, ಬಸ್ಸಲ್ಲೂ ಹಂಗೇ. ಫೋನು ಬೋಗುಣಿಗೆ ಹಾಕು. ಇಲ್ಲಿ ಕೂರ್ಬೇಕು ಅಂದ್ರೆ ಕಿವೀಲಿ ಒಂದು ಸಾಲು ಹೇಳ್ಬೇಕು, ಎಲ್ಲರಿಗೂ ಒಂದೇ ಕಾನೂನು."

ಬಗ್ಗಿ, ಮೆಂಫಿಸ್‌ನಲ್ಲಿ ನಾನು ಬರೆದ ರ‍್ಯಾಪಿನಿಂದ ಒಂದು ಸಾಲು ಹೇಳಿದೆ. ಕಾರು, ಚಿನ್ನದ ಸರ, ನನ್ನ ಹಿಂದೆ ಓಡುವ ಹುಡುಗಿಯರು ಎಲ್ಲಾ ಅದರಲ್ಲಿದ್ದರು. ಆಕೆ ಕಿವಿ ಉಜ್ಜಿಕೊಂಡಳು.

"ಇದು ನಿಂದಲ್ಲ. ಎಲ್ಲಿ ಕದ್ದೆ?"

"ನಾನೇ ಬರ‍್ದಿದ್ದು."

"ಬರ‍್ದಿರ್ಬೋದು. ನಿಂದಲ್ಲ." ಮಕ್ಕಳು ಕಿಸಕ್ಕೆಂದರು. "ಹೋಗ್ಲಿ, ಕೂತ್ಕೋ. ನಿಂದು ಸಿಕ್ಕಾಗ ಹೇಳೀಯಂತೆ."

ಹೀಗೆ ನಾನು ಅಧಿಕೃತ ಗೂಢಚಾರನಾಗಿ ಕುರ್ಚಿಯನ್ನೂ ಒಂದು ಸೌತೆಕಾಯಿಯನ್ನೂ ಪಡೆದೆ. ಅಂದು ಅವರು ಕೆಸರಿನ ಹಾಡಿಗೇ ಮೂರನೆಯ ಸಾಲು ಹುಡುಕುತ್ತಿದ್ದರು.

ಟೆವಿನ್ ಎದ್ದು ನಿಂತು ಹಾಡಿದ. *ಮೀನಿಗೇ ಸುವಾರ್ತೆ ಸಾರಿದನಂತೆ, ಕೇಳಿ ಮೀನಿಗೂ ಬೆವರು.*

ಎಲ್ಲರೂ ನಕ್ಕರು. ನಾನೂ ನಕ್ಕೆ. ಮಿಸ್ ವಿಲೊಡೀನ್ ಕಾಲು ಬಡಿಯುವುದನ್ನು ನಿಲ್ಲಿಸಿದಳು. "ನಗು ಬಂತು ಮಗಾ. ಉತ್ತರ ಬರ್ಲಿಲ್ಲ. ಕೆಸರು ಮೆತ್ಕೊಂಡೋನ್ ಬಗ್ಗೆ ಹೇಳ್ತಾ ಇದೀಯ. ಅದನ್ನ ನೋಡ್ದೋರು ಏನ್ ಮಾಡಿದ್ರು?"

"ಬೈದ್ರು," ಎಂದಳು ಜಕಾಯ್ಲಾ.

"ಬೈದಿದ್ರೆ ಹಾಡು ಯಾಕ್ ಬೇಕಿತ್ತು?"

ಮಕ್ಕಳು ಮತ್ತೆ ಪ್ರಾಸಕ್ಕೆ ಕಿತ್ತಾಡತೊಡಗಿದರು. ನಾನು ಮಾತ್ರ ಮಕ್ಕಳ ಮುಖಗಳನ್ನು ಓದುತ್ತಿದ್ದೆ. ಟೆವಿನ್ ನೆಲ ನೋಡಿದ, ಹಾಗಾದರೆ ಅವನೇ. ಜಕಾಯ್ಲಾ ನೆಲ ನೋಡಲಿಲ್ಲ, ಹಾಗಾದರೆ ಅವಳೇ. ಡೀಕನ್ ಪಿಕೆಟ್‌ರ ಮನೆಯಲ್ಲಿ ಬೆಳೆಯುತ್ತಿದ್ದ ಅವರ ತಂಗಿಯ ಮೊಮ್ಮಗಳು ಒನೇಶಾ ಮಾತೇ ಆಡದೆ ಸೌತೆಕಾಯಿಯ ಬೀಜಗಳನ್ನು ಒಂದೊಂದಾಗಿ ನೆಕ್ಕುತ್ತಿದ್ದಳು. ಅವಳ ಮೇಲೂ ಅನುಮಾನಪಟ್ಟೆ, ಆಮೇಲೆ ಅಷ್ಟು ದೊಡ್ಡವರ ಮನೆಯ ಮಗುವನ್ನು ಅನುಮಾನಿಸಿದ್ದಕ್ಕೆ ನನ್ನ ಮೇಲೆಯೇ ಅನುಮಾನಪಟ್ಟೆ. ಡೀಕನ್‌ರ ಬಳಿ ಹೋಗಿ "ಇನ್ನೂ ಪತ್ತೆಯಾಗಿಲ್ಲ" ಎಂದೆ. ಅವರು ನನ್ನ ಕೆಂಪು ತುಟಿಯನ್ನೇ ಬಹಳ ಹೊತ್ತು ನೋಡಿದರು.

ಮರುದಿನ ಅವರೇ ಊಟದ ಕೋಣೆಗೆ ಬಂದರು. ಮಕ್ಕಳು ಇನ್ನೂ ಬಂದಿರಲಿಲ್ಲ, ಮಿಸ್ ವಿಲೊಡೀನ್ ಕುರ್ಚಿ ಬಿಡಿಸುತ್ತಿದ್ದಳು.

"ಸಿಸ್ಟರ್ ಟ್ರಿಪ್ಲೆಟ್, ಭಾನುವಾರ ಆರಾಧನೆ ಆದ್ಮೇಲೆ ಸಭೆ ಸೇರತ್ತೆ. ಅಲ್ಲಿ ಎದ್ದು ನಿಂತು ಆ ಸಾಲು ಯಾವ ಮಗೂದು ಅಂತ ಹೇಳಿ. ಇಲ್ಲಾಂದ್ರೆ ಈ ಕೋಣೆಗೆ ಅವತ್ತೇ ಬೀಗ. ಬೀಗದ ಕೈ ಇರೋದು ಇವ್ನ ಹತ್ರ." ನನ್ನ ಕಡೆ ಗದ್ದ ಎತ್ತಿದರು. ನನ್ನ ಸೊಂಟ ತಾನೇ ಜಣಕ್ ಎಂದಿತು.

"ಹೇಳಲ್ಲ ಡೀಕನ್."

"ಹಾಗಾದ್ರೆ ಪಾಠ ಇಲ್ಲ."

"ಆರೋಪ ಏನು ಅಂತ ಸಭೆಗೆ ಗೊತ್ತಾಗ್ಬೇಕಲ್ಲ. ಆ ಸಾಲನ್ನ ಅಲ್ಲಿ ಪೂರ್ತಿ ಹೇಳ್ಬೇಕು."

"ಹೇಳಿ ನೀವೇ."

"ನಾನು ಹೇಳಿದ್ರೆ ಹಾಡಾಗ್ಬಿಡತ್ತೆ, ಚರ್ಚಲ್ಲಿ ಬ್ಲೂಸ್ ಹಾಡಿದ್ಲು ಅಂತೀರ. ನೀವ್ ಹೇಳಿ. ದೊಡ್ಡೋರು, ನಿಮ್ ಜಾಗದಲ್ಲಿ ನಿಂತ್ಕೊಂಡು ಹೇಳಿ."

ಡೀಕನ್‌ರಿಗೆ ಅದು ನ್ಯಾಯವಾಗಿ ಕಂಡಿತು. ಅವರು ಹೋದ ಮೇಲೆ ಆಕೆ ಒಂದು ಕುರ್ಚಿಯ ಮೇಲೆ ಕೂತಳು. ಬಸ್ಸಿನ ಸ್ಟೀರಿಂಗ್ ಹಿಡಿದ ಹಾಗೆ ಎರಡು ಕೈಯನ್ನೂ ಮುಂದೆ ಇಟ್ಟುಕೊಂಡಿದ್ದಳು.

"ಒಂದು ಹೆಸರು ತಾನೇ," ಎಂದೆ. "ಟೆವಿನ್ ಅಂದ್ಬಿಡಿ. ಲೊಂಜೊ ಬೈಸ್ಕೊಂಡು ಸುಮ್ನಾಗ್ತಾನೆ. ಪಾಠ ಉಳಿಯತ್ತೆ."

ಆಕೆ ಹಿಂದೆ ನೋಡುವ ಕನ್ನಡಿಯ ಆ ಕಣ್ಣಲ್ಲೇ ನನ್ನನ್ನು ನೋಡಿದಳು. "ಕಿವೀಲಿ ಹೇಳಿದ್ದು ಒಂದ್ಸಲ ಹೊರಗ್ ಬಂದ್ರೆ ಆಮೇಲೆ ಆ ಮಗು ಜನ್ಮದಲ್ಲಿ ಯಾರಿಗಾದ್ರೂ ನಿಜ ಹೇಳತ್ತಾ? ಮಕ್ಳು ಸುಳ್ಳಿನ ಸಾಲು ತಂದ್ಕೊಟ್ರೆ ನಾನ್ ಅದನ್ನ್ ಇಟ್ಕೊಂಡು ಏನ್ ಪಾಠ ಮಾಡ್ಲಿ? ನಿನ್ ಚಿನ್ನದ ಸರದ ಸಾಲಿದ್ದಂಗೆ."

ಆ ಭಾನುವಾರ ಚರ್ಚು ತುಂಬಿತ್ತು. ಆರಾಧನೆ ಮುಗಿದರೂ ಯಾರೂ ಏಳಲಿಲ್ಲ, ಊಟದ ಕೋಣೆಯಲ್ಲಿ ಸಿಹಿಗೆಣಸಿನ ಪೈ ಕಾಯುತ್ತಿದ್ದರೂ ಏಳಲಿಲ್ಲ. ಗಂಡಸರು ಕಾಲು ಮಡಚಿ ಕೂತಿದ್ದರು. ಹೆಂಡತಿಯರು ಗಂಡಂದಿರನ್ನು ಓರೆಗಣ್ಣಲ್ಲಿ ನೋಡುತ್ತಿದ್ದರು. ಬಿಳಿ ಉಡುಪಿನ ಹಿರಿಯ ತಾಯಂದಿರು ಎಡಗಡೆಯ ಬೆಂಚಿನಲ್ಲಿದ್ದರು. ಅವರ ನಡುವೆ ಡೀಕನ್‌ರ ಹೆಂಡತಿ ಸಿಸ್ಟರ್ ಲೂವೀನಿಯಾ ಪಿಕೆಟ್ ಬೀಸಣಿಗೆ ಬೀಸಿಕೊಳ್ಳುತ್ತಾ ಕೂತಿದ್ದರು. ಸಭೆಯಲ್ಲಿ ಅವರು ಬಾಯಿ ತೆರೆದದ್ದನ್ನು ಯಾರೂ ಕಂಡಿರಲಿಲ್ಲ, ಡೀಕನ್‌ರ ಕಂಠ ಇಬ್ಬರಿಗೂ ಸಾಕಾಗುತ್ತಿತ್ತು. ಪಾಠದ ಮಕ್ಕಳು ಹಿಂದಿನ ಬೆಂಚಿನಲ್ಲಿ, ಮಿಸ್ ವಿಲೊಡೀನ್ ಅವರ ಪಕ್ಕದಲ್ಲಿ. ನಾನು ಬಾಗಿಲಲ್ಲಿ ಬೀಗದ ಕೈ ಹಿಡಿದು ನಿಂತಿದ್ದೆ, ಜೈಲಿನ ಕಾವಲುಗಾರನ ಹಾಗೆ.

ಪಾಸ್ಟರ್ ಸ್ಪೆನ್ಸ್ ಗಂಟಲು ಸರಿಮಾಡಿಕೊಂಡು, "ಡೀಕನ್ ಪಿಕೆಟ್ ಒಂದು ವಿಷಯ ತಂದಿದ್ದಾರೆ," ಎಂದು ಹೇಳಿ ಆದಷ್ಟು ಬೇಗ ಕೂತರು.

ಡೀಕನ್ ಎದ್ದು ತಮ್ಮ ಜಾಗದಲ್ಲಿ, ಬಲಿಪೀಠದ ಮುಂದೆ ನಿಂತರು. "ನಮ್ಮ ಮಕ್ಕಳ ಬಾಯಲ್ಲಿ ಎಂಥಾ ಮಾತು ಹಾಕಿದಾರೆ ಅಂತ ನೀವೇ ಕೇಳಿ. ನನಗೆ ಹೇಳೋಕೆ ನಾಚಿಕೆ. ಆದ್ರೂ ಹೇಳ್ತೀನಿ."

ಒಂದು ಸಾಲನ್ನು ಸಭೆಗೆ ಹೇಳಲು ಅವರಿಗೆ ಗೊತ್ತಿದ್ದದ್ದು ಒಂದೇ ರೀತಿ. ಕೈ ತಾನಾಗಿಯೇ ಕಿವಿಗೆ ಹೋಯಿತು. ಎದೆ ತುಂಬಿತು. ಸರಸರನೆ ಹೇಳಿದರು.

*ಬುಧವಾರ ಪ್ರಾರ್ಥನೆಗೆ ಹೋದೋನ ಬೂಟಲ್ಲಿ ಕೆರೆಯ ಕೆಸರು.*

ಮತ್ತು ಮೌಂಟ್ ಪಿಸ್ಗಾ ಸಭೆ ಅದನ್ನು ಎತ್ತಿಕೊಂಡಿತು.

ಮೊದಲು ಮುದುಕಿಯರು. ಅವರ ತಪ್ಪಲ್ಲ, ಆ ಜಾಗದಿಂದ ಆ ಕಂಠ ಸಾಲು ಕೊಟ್ಟರೆ ಬಾಯಿ ತಾನೇ ತೆರೆದುಕೊಳ್ಳುತ್ತದೆ. ಆಮೇಲೆ ಗಂಡಸರು, ಕೆಳಗಿನ ಸ್ವರದಲ್ಲಿ. 'ಬುಧವಾರ' ಎಂಬ ಒಂದು ಪದವೇ ಮಾಡಿನವರೆಗೆ ಹೋಗಿ, ತೊಲೆಗಳನ್ನು ಸುತ್ತಿ ಇಳಿಯಿತು. 'ಕೆಸರು' ಎಂಬಲ್ಲಿಗೆ ಬರುವಾಗ ಏನು ಹಾಡುತ್ತಿದ್ದೇವೆಂದು ಒಬ್ಬೊಬ್ಬರಿಗೇ ಅರಿವಾಗತೊಡಗಿತು, ಆದರೆ ಎತ್ತಿಕೊಂಡ ಸಾಲನ್ನು ಅರ್ಧಕ್ಕೆ ಇಳಿಸಿದ ರೂಢಿ ನಮ್ಮಲ್ಲಿಲ್ಲ. ಮುಗಿಸಿದೆವು. ನಾನೂ ಹಾಡಿದೆ. ಪಾಸ್ಟರೂ ಹಾಡಿದರು.

ಅಷ್ಟರಲ್ಲೇ ನಿಂತಿದ್ದರೆ ಅದು ಒಂದು ಮುಜುಗರವಾಗಿ ಮುಗಿಯುತ್ತಿತ್ತು. ಆದರೆ ಹಿಂದಿನ ಬೆಂಚಿನ ಮಕ್ಕಳ ರೂಢಿಯೇ ಬೇರೆ. ಅವರ ಲೆಕ್ಕದಲ್ಲಿ ಸಾಲೆಂದರೆ ಎರಡು ಸಲ. ನಮ್ಮದು ಮುಗಿದ ಕೂಡಲೇ ಕಾಲು ಬಡಿದು ಅವರು ಎತ್ತಿಕೊಂಡರು.

*ಹೌದಮ್ಮಾ, ಪ್ರಾರ್ಥನೆಗೆ ಹೋದೋನ ಬೂಟಲ್ಲಿ ಕೆರೆಯ ಕೆಸರು.*

ಡೀಕನ್‌ರ ಕೈ ಇನ್ನೂ ಕಿವಿಯ ಮೇಲೇ ಇತ್ತು. ಎರಡು ಸಲ ಹಾಡಿದ ಸಾಲಿಗೆ ಉತ್ತರ ಬರಬೇಕು, ಅದು ಗೊತ್ತಿಲ್ಲದವರು ಆ ಕಟ್ಟಡದಲ್ಲಿ ಯಾರೂ ಇರಲಿಲ್ಲ, ಶನಿವಾರದ ಹಾಡು ಕೇಳಿಯೇ ಇಲ್ಲ ಎನ್ನುವ ಹಿರಿಯ ತಾಯಂದಿರಿಗೂ ಗೊತ್ತಿತ್ತು. ಮಿಸ್ ವಿಲೊಡೀನ್ ಕಣ್ಣು ಮುಚ್ಚಿ ಕೂತಿದ್ದಳು. ಆಗ ಎಡಗಡೆಯ ಬೆಂಚಿನಲ್ಲಿ ಬೀಸಣಿಗೆ ನಿಂತಿತು. ಸಣ್ಣ, ಒಣಗಿದ, ಆದರೆ ಎಲ್ಲೂ ತಪ್ಪದ ಒಂದು ಧ್ವನಿ ಬಂತು.

*ಒರೆಸ್ತಾ ಕೂತವ್ಳೆ ಮನೆಯೋಳು, ಕೇಳಲ್ಲ ಯಾರದೂ ಹೆಸರು.*

ಸಿಸ್ಟರ್ ಲೂವೀನಿಯಾ ಪಿಕೆಟ್ ಹಾಡಿ ಮುಗಿಸಿ ಮತ್ತೆ ಬೀಸಣಿಗೆ ಬೀಸಿಕೊಳ್ಳತೊಡಗಿದರು. ಗಂಡನ ಕಡೆ ನೋಡಲಿಲ್ಲ. ಬೇರೆ ಎಲ್ಲರೂ ನೋಡಿದರು, ಮುಖವನ್ನಲ್ಲ, ಮುಖಕ್ಕಿಂತ ಬಹಳ ಕೆಳಗೆ. ಡೀಕನ್‌ರ ಬೂಟು ಥಳಥಳ ಹೊಳೆಯುತ್ತಿತ್ತು. ಅದನ್ನು ಅಷ್ಟು ಹೊಳೆಯುವ ಹಾಗೆ ಒರೆಸಿದವರು ಯಾರೆಂದು ಯಾರೂ ಕೇಳಲಿಲ್ಲ.

"ಹ್ಞೂಂ," ಎಂದಳು ಹೆಂಗಸರ ಕಡೆಯಿಂದ ಒಬ್ಬಳು. "ಹೇಳಮ್ಮ," ಎಂದಳು ಇನ್ನೊಬ್ಬಳು. ಅವರವರ ಗಂಡಂದಿರು ಅವರವರ ಪಕ್ಕದಲ್ಲಿ ಸಣ್ಣಗಾದರು.

ಡೀಕನ್ ಕೈ ಇಳಿಸಿದರು. ಏನೋ ಹೇಳಬೇಕೆಂದು ಬಾಯಿ ತೆರೆದು, ಸಭೆ ಅದನ್ನೂ ಎತ್ತಿಕೊಂಡೀತೆಂದು ಹೆದರಿದವರ ಹಾಗೆ ಮುಚ್ಚಿದರು. ಆಮೇಲೆ ಮೆಲ್ಲಗೆ ಕೇಳಿದರು, "ಸಿಸ್ಟರ್ ಟ್ರಿಪ್ಲೆಟ್... ಆ ಮಗು..."

ಮಿಸ್ ವಿಲೊಡೀನ್ ಉತ್ತರಿಸುವ ಮೊದಲೇ ಲೊಂಜೊ ಎದ್ದ. "ಯಾವ್ ಮಗು ಡೀಕನ್? ಸಾಲು ಕೊಟ್ಟೋರು ನೀವು, ತಗೊಂಡೋರು ನಾವು. ಹೆಸರು ಬೇಕು ಅಂದ್ರೆ ಎಲ್ಲಾರ್ದೂ ಬರ‍್ಕೊಳಿ. ಬಾಗ್ಲಲ್ಲಿ ನಿಂತಿರೋ ಜರ್ವಿಸ್‌ದೂ ಸೇರ‍್ಸಿ, ರಾಗ ತಪ್ಪಿ ಹಾಡ್ದ."

ಪಾಸ್ಟರ್ ಸ್ಪೆನ್ಸ್ ಬದುಕಿನಲ್ಲಿ ಮೊದಲ ಸಲ ಒಂದು ತೀರ್ಮಾನ ಮಾಡಿದರು. "ಮುಂದಿನ ವಿಷಯ, ಸೋರುವ ಮಾಡು," ಎಂದರು. ಯಾರೋ ಅನುಮೋದಿಸಿದರು. ಊಟದ ಕೋಣೆಯ ಬೀಗದ ಮಾತನ್ನು ಯಾರೂ ಎತ್ತಲಿಲ್ಲ. ನಾನು ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಪೈ ತಿನ್ನಲು ಹೋದೆ.

ಆದರೂ ಅನುಮಾನ ಬಿಟ್ಟುಹೋಗುವ ಜಾತಿಯದಲ್ಲ. ಡೀಕನ್ ಬುಧವಾರಗಳಲ್ಲಿ ಕೆರೆಯ ಕಡೆ ಹೋಗುತ್ತಿದ್ದದ್ದು ಯಾಕೆ ಎಂದು ಊರಿನಲ್ಲಿ ಎರಡು ಪಕ್ಷಗಳಿವೆ. ಕೆರೆ ಆಚೆಯ ಬಿಳಿ ಮನೆಯ ವಿಧವೆ ಎಂಬುದು ಹೆಂಗಸರ ಪಕ್ಷ, ಬರೀ ಮೀನು ಎಂಬುದು ಗಂಡಸರ ಪಕ್ಷ. ಈಗ ಅವರು ಬುಧವಾರ ಹೆಂಡತಿಯ ಪಕ್ಕದಲ್ಲೇ ಕೂರುತ್ತಾರೆ. ಮೊನ್ನೆ ವ್ಯಾನಿನ ಬಳಿ ಬಂದು ಒಳಗೆ ಬಗ್ಗಿ ನೋಡಿ, "ಪೆಡಲ್ ಮೇಲೆ ಕೆಸರಿದೆಯಲ್ಲ ಜರ್ವಿಸ್?" ಎಂದರು. ಇನ್ನೂ ಬುದ್ಧಿ ಬಂದಿಲ್ಲ, ಅವರಿಗೂ ನನಗೂ.

ನನಗೆ ಅನುಮಾನ ಮಿಸ್ ವಿಲೊಡೀನ್ ಮೇಲೆ. ಒಂದು ಸಂಜೆ ಕುರ್ಚಿ ಮಡಚುವಾಗ ಕೇಳಿಯೇಬಿಟ್ಟೆ. "ನಿಮ್ ಜಾಗದಲ್ಲಿ ನಿಂತು ಹೇಳಿ ಅಂದ್ರಲ್ಲ. ಅವ್ರು ಅಲ್ಲಿ ನಿಂತು ಬಾಯಿ ಬಿಟ್ರೆ ಏನಾಗತ್ತೆ ಅಂತ ನಿಮಗೆ ಗೊತ್ತಿತ್ತು ತಾನೇ?"

"ನಂಗೇನ್ ಗೊತ್ತು ಮಗಾ. ನಾನು ಬಸ್ ಓಡಿಸ್ತಿದ್ದೋಳು."

"ಮೂರನೇ ಸಾಲು? ಸಿಸ್ಟರ್ ಪಿಕೆಟ್‌ಗೆ ಮೊದಲೇ ಹೇಳಿಕೊಟ್ಟಿದ್ರಾ?"

ಆಕೆ ಮತ್ತೊಂದು ಕುರ್ಚಿ ಮಡಚಿದಳು. "ಅದನ್ನ್ ಯಾರೂ ಹೇಳ್ಕೊಡಕ್ಕಾಗಲ್ಲ ಜರ್ವಿಸ್. ಅದು ಅವರ್ದೇ."

"ಮತ್ತೆ ಮೊದಲ್ನೇ ಸಾಲು ಯಾರ್ದು? ಒನೇಶಾದಾ?"

"ಟೋಪಿ ಬಿಡು," ಎಂದಳು. "ಕುರ್ಚಿ ಮಡಚು."

ಈಗ ಡೀಕನ್ ಕಳಿಸದಿದ್ದರೂ ಪಾಠಕ್ಕೆ ಹೋಗುತ್ತೇನೆ. ಮಕ್ಕಳ ಸಾಲಿನ ಕೊನೆಯಲ್ಲಿ ನಿಲ್ಲುತ್ತೇನೆ, ತಂದ ಸಾಲು ಒಪ್ಪಿಗೆಯಾಗದೆ ವಾಪಸು ಬರುತ್ತೇನೆ. ಚಿನ್ನದ ಸರ ಕಳಚಿದ್ದಾಗಿದೆ, ಕಾರು ಮಾರಿದ್ದಾಗಿದೆ, ಹುಡುಗಿಯರನ್ನು ಅವರವರ ಮನೆಗೆ ಕಳಿಸಿದ್ದಾಗಿದೆ. ಹೋದ ವಾರ ಬಗ್ಗಿ ಆಕೆಯ ಕಿವಿಯಲ್ಲಿ, ಬೇರೇನೂ ಹೊಳೆಯದೆ, ಇದ್ದದ್ದನ್ನೇ ಹೇಳಿದೆ. ಆಕೆ ಕಿವಿ ಉಜ್ಜಿಕೊಳ್ಳಲಿಲ್ಲ. ಎಲ್ಲರದನ್ನೂ ಕೇಳಿ ಮುಗಿಸಿ, ಕಣ್ಣು ಮುಚ್ಚಿ, ಗಟ್ಟಿಯಾಗಿ ಹೇಳಿದಳು.

*ಎಲ್ಲಾ ಬಾಗಿಲ ಬೀಗದ ಕೈ ಸೊಂಟದಲ್ಲೈತೆ, ಒಳಗೆ ಬಾ ಅನ್ನೋರಿಲ್ಲ.*

ಕಾಲುಗಳು ಬಡಿಯತೊಡಗಿದವು. ಮಕ್ಕಳು ಎರಡನೆಯ ಸಲ ಎತ್ತಿಕೊಂಡರು. ಟೆವಿನ್ ಸೌತೆಕಾಯಿ ಕಡಿಯುವುದನ್ನು ಬಿಟ್ಟು ಸುತ್ತ ಕಣ್ಣಾಡಿಸಿ, "ಯಾರ್ದಿದು?" ಎಂದ ಪಿಸುಮಾತಿನಲ್ಲಿ.

ನಾನೂ ಕಣ್ಣು ಕಿರಿದು ಮಾಡಿ ಒಬ್ಬೊಬ್ಬರ ಮುಖವನ್ನೂ ಅನುಮಾನದಿಂದ ನೋಡಿದೆ.